ಸೈಕಲ್ಲಲ್ಲಿ ಆಫೀಸಿಗೆ ಹೋಗ್ತಾ ಬೆಂಗಳೂರು ನೋಡೋದು ಹೇಗೆ

ಬೆಂಗಳೂರಲ್ಲಿ ಸೈಕಲ್ ತುಳ್ಕೊಂಡು ಆಫೀಸಿಗೆ ಹೋಗ್ತೀನಿ ಅಂದ್ರೆ ಜನ ಕೇಳೋದು ಮೂರೇ ಮಾತು: ಬೆವರು ಬರಲ್ವಾ, ಟ್ರಾಫಿಕ್ ಭಯ ಆಗಲ್ವಾ, ಮಳೆ ಬಂದ್ರೆ ಏನ್ ಮಾಡ್ತೀರ. ಮೂರಕ್ಕೂ ಉತ್ತರ ಎಲ್ಲಾ ಕಡೆ ಸಿಗುತ್ತೆ, ಅದನ್ನ ಇಲ್ಲಿ ಬರೆಯಲ್ಲ. ದಾರೀಲಿ ಏನೇನ್ ಕಾಣುತ್ತೆ ಅಂತ ಮಾತ್ರ ಯಾರೂ ಕೇಳಲ್ಲ, ನಿಜ ಹೇಳ್ಬೇಕಂದ್ರೆ ನಾನು ಸೈಕಲ್ ಬಿಡದೇ ಇರೋದು ಅದಕ್ಕೇ, ಆರೋಗ್ಯ ಪರಿಸರ ಎಲ್ಲಾ ಆಮೇಲೆ.

ಎಷ್ಟೋ ಜನ ಅಂದ್ಕೊಂಡಿರೋದು ಏನಪ್ಪಾ ಅಂದ್ರೆ ದಿನಾ ಹೊಸ ದಾರಿ ಹಿಡಿದ್ರೆ ವಿಶೇಷ ಕಾಣುತ್ತೆ ಅಂತ. ನನ್ನ ಪ್ರಕಾರ ಉಲ್ಟಾ. ದಿನಾ ಅದೇ ದಾರೀಲಿ ಹೋಗೋರಿಗೇ ಜಾಸ್ತಿ ಕಾಣೋದು. ನಿನ್ನೆ ಇಲ್ಲಿ ಏನಿತ್ತು ಅಂತ ಗೊತ್ತಿದ್ರೆ ತಾನೇ ಇವತ್ತು ಏನೋ ಬೇರೆ ಆಗಿದೆ ಅಂತ ಹೊಳೆಯೋದು? ಅದಕ್ಕೆ ಒಂದು ದಾರಿ ಸರಿಯಾಗಿ ಆರಿಸ್ಕೊಳಿ, ಅದನ್ನೇ ಕೆಲವು ತಿಂಗಳು ಬಿಡಬೇಡಿ.

ದಾರಿ ಆರಿಸೋದು

ಮ್ಯಾಪ್ ತೋರಿಸೋ ಮೊದಲನೇ ದಾರಿ ಕಾರಿನೋರಿಗೆ ಅಂತ ತಿಳ್ಕೊಳಿ. ಅದರಲ್ಲಿ ಹೋದ್ರೆ ಮುಂದಿನ ಬಸ್ಸಿನ ಹಿಂಭಾಗ ಬಿಟ್ಟು ಬೇರೇನೂ ಕಾಣಲ್ಲ, ಜೊತೆಗೆ ಹೊಗೆ ಫ್ರೀ. ಮ್ಯಾಪನ್ನ ದೊಡ್ಡದು ಮಾಡಿ ನೋಡಿ, ನೇರ ನೇರ ಗೀಟು ಹಾಕಿದಂಗಿರೋ ಲೇಔಟ್ ರಸ್ತೆಗಳ ಮಧ್ಯೆ ಎಲ್ಲೋ ಒಂದು ಕಡೆ ಅಂಕುಡೊಂಕು ಸಂದಿಗಳು ಗುಂಪಾಗಿ ಇರ್ತವೆ. ಅದು ಹಳೇ ಊರು. ಹೆಬ್ಬಾಳ, ದೊಮ್ಮಲೂರು, ಅಗರ, ಬೇಗೂರು, ವರ್ತೂರು ಎಲ್ಲಾ ಇವತ್ತಿಗೂ ಒಳಗಡೆ ಹಳ್ಳಿನೇ. ನಿಮ್ಮ ದಾರಿ ಅಂಥ ಒಂದು ಊರೊಳಗೆ ಹಾದು ಹೋಗೋ ಹಾಗೆ ಮಾಡ್ಕೊಳಿ, ಆಮೇಲೆ ಸಾಧ್ಯ ಆದ್ರೆ ಒಂದು ಕೆರೆ ಏರಿ ಪಕ್ಕದಲ್ಲೂ ಹೋಗ್ಲಿ. ಒಂದೆರಡು ಕಿಲೋಮೀಟರ್ ಜಾಸ್ತಿ ಆಗಬಹುದು, ಆದ್ರೆ ಸಿಗ್ನಲ್ ಕಮ್ಮಿ ಇರೋದ್ರಿಂದ ಟೈಮು ಹೆಚ್ಚುಕಮ್ಮಿ ಅಷ್ಟೇ ಆಗುತ್ತೆ.

ಈ ಹಳೇ ಊರುಗಳಲ್ಲಿ ಅರಳಿಕಟ್ಟೆ ಹತ್ರ, ದೇವಸ್ಥಾನದ ಗೋಡೆಗೆ ಒರಗಿಸಿ, ಕೆಲವು ಕಡೆ ಚರಂಡಿ ಪಕ್ಕ ಅರ್ಧ ಮಣ್ಣಲ್ಲಿ ಹೂತುಹೋಗಿ ಕೆತ್ತನೆ ಕಲ್ಲು ನಿಂತಿರ್ತವೆ. ಗುರುತು ಹಿಡಿಯೋದು ಕಷ್ಟ ಏನಲ್ಲ. ಎರಡು ಹಾವು ಹೆಣೆದುಕೊಂಡಿದ್ರೆ ನಾಗರಕಲ್ಲು, ಅದು ಎಲ್ಲರಿಗೂ ಗೊತ್ತು. ಅಡ್ಡ ಪಟ್ಟಿಗಳಾಗಿ ಭಾಗ ಮಾಡಿ, ಕೆಳಗೆ ಕತ್ತಿನೋ ಬಿಲ್ಲೋ ಹಿಡಿದು ಹೊಡೆದಾಡ್ತಿರೋ ಗಂಡಸು, ನಡುವೆ ಅವನನ್ನ ಆಚೀಚೆ ಹಿಡ್ಕೊಂಡು ಮೇಲೆ ಒಯ್ಯೋ ಅಪ್ಸರೆಯರು, ಮೇಲ್ಗಡೆ ಲಿಂಗದ ಮುಂದೆ ಕೂತಿರೋ ಅವನೇ, ಹೀಗಿದ್ರೆ ವೀರಗಲ್ಲು. ಮೊಣಕೈ ಮಡಚಿ ಮೇಲೆತ್ತಿದ, ಬಳೆ ತೊಟ್ಟ ಕೈ ಕಂಡ್ರೆ ಮಾಸ್ತಿಕಲ್ಲು, ಅಂದ್ರೆ ಸತಿ ಹೋದ ಹೆಂಗಸಿನ ನೆನಪಿನ ಕಲ್ಲು. ಪಟ್ಟಿಗಳ ನಡುವೆ ಸಾಲು ಸಾಲು ಅಕ್ಷರ ಇದ್ರೆ ಶಾಸನ, ಅಲ್ಲಿ ನಿಲ್ಲಲೇಬೇಕು.

ಹೆಬ್ಬಾಳದ ಕಿತ್ತಯ್ಯ ಅನ್ನೋ ವೀರನ ಕಲ್ಲು ಹೀಗೇ ಮನೆಗಳ ಮಧ್ಯೆ ಇದ್ದಿದ್ದು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು, ಬೆಂಗಳೂರಲ್ಲಿ ಇಲ್ಲೀವರೆಗೆ ಸಿಕ್ಕಿರೋ ಕನ್ನಡ ಶಾಸನಗಳಲ್ಲಿ ಅತೀ ಹಳೇದು ಅಂತ ಅದನ್ನ ಹೇಳ್ತಾರೆ, ಬೆಳಕಿಗೆ ಬಂದಿದ್ದು 2018ರಲ್ಲಿ. ಈಗ ಅದಕ್ಕೆ ಮಂಟಪ ಕಟ್ಟಿದ್ದಾರೆ. ಪಕ್ಕದಲ್ಲೇ ಫ್ಲೈಓವರ್ ಮೇಲೆ ದಿನಾ ಏರ್‌ಪೋರ್ಟಿಗೆ ಓಡೋ ಕಾರುಗಳಿಗೆ ಲೆಕ್ಕ ಇಲ್ಲ, ಅಲ್ಲಿಂದ ಈ ಕಲ್ಲು ಕಾಣೋ ಚಾನ್ಸೇ ಇಲ್ಲ, ಕೆಳಗೆ ಇಳಿದು ಗಲ್ಲಿ ಒಳಗೆ ಬರಬೇಕು. ದಕ್ಷಿಣದ ಕಡೆಯೋರಿಗೆ ಬೇಗೂರು ನಾಗೇಶ್ವರ ದೇವಸ್ಥಾನ ಇದೆ, ಅಲ್ಲಿನ ಸುಮಾರು ಕ್ರಿ.ಶ. 890ರ ಶಾಸನದಲ್ಲಿ ಬೆಂಗಳೂರು ಕಾಳಗದ ಮಾತು ಬರುತ್ತೆ, ಅಂದ್ರೆ ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟೋಕೆ ಆರುನೂರು ವರ್ಷಕ್ಕೂ ಮುಂಚೆ ಈ ಹೆಸರಿನ ಊರಲ್ಲಿ ಜನ ಹೊಡೆದಾಡಿ ಸತ್ತಿದ್ರು. ಹೊಸೂರು ರೋಡಲ್ಲಿ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಾಗ ನೆನಪು ಮಾಡ್ಕೊಳಿ.

ನೋಡೋಕೆ ಮುಂಚೆ ನಿಲ್ಲೋದು ಕಲೀರಿ

ಇದು ಬೋರಿಂಗ್ ಭಾಗ, ಆದ್ರೆ ಸ್ಕಿಪ್ ಮಾಡಬೇಡಿ. ಸಿಟೀಲಿ ಸಾಮಾನ್ಯವಾಗಿ ಗಂಟೆಗೆ 15 ಕಿಲೋಮೀಟರ್ ಸ್ಪೀಡಲ್ಲಿ ತುಳೀತೀವಿ ಅನ್ಕೊಳಿ, ಅಂದ್ರೆ ಸೆಕೆಂಡಿಗೆ 4 ಮೀಟರ್ ಮೇಲೆ. ಬರೀ ಎರಡು ಸೆಕೆಂಡು ಆ ಕಡೆ ಮರ ನೋಡಿದ್ರೆ 8 ಮೀಟರ್ ಕಣ್ಣು ಮುಚ್ಕೊಂಡು ಹೋದ ಹಾಗೆ, ನಮ್ಮ ರೋಡಲ್ಲಿ 8 ಮೀಟರ್ ಒಳಗೆ ಒಂದು ಗುಂಡಿ, ಒಂದು ಹಂಪು, ಒಬ್ಬರು ಅಂಕಲ್ಲು ರಾಂಗ್ ಸೈಡಲ್ಲಿ, ಮೂರೂ ಬರೋ ಸಾಧ್ಯತೆ ಇದೆ.

ನಾನು ಪಾಲಿಸೋದು ಇಷ್ಟೇ. ಏನೋ ಕಂಡ್ತು ಅಂದ್ರೆ ಮತ್ತೆ ಅದರ ಕಡೆ ತಿರುಗಬಾರದು. ಕಣ್ಣು ರಸ್ತೆಗೆ ವಾಪಸ್, ಹಿಂದೆ ಯಾರು ಬರ್ತಿದ್ದಾರೆ ಮಿರರಲ್ಲಿ ನೋಡಿ, ಎಡಗೈ ತೋರಿಸಿ, ನಿಧಾನಕ್ಕೆ ಎಡಕ್ಕೆ ಬಂದು, ಕಂಡ ಜಾಗ ದಾಟಿ ಮುಂದೆ ಹೋಗಿ ನಿಲ್ಲಿಸಿ, ಸೈಕಲ್ಲನ್ನ ಫುಟ್‌ಪಾತ್ ಮೇಲೆ ಎತ್ತಿ ಇಟ್ಟು, ಆಮೇಲೆ ನಡ್ಕೊಂಡು ವಾಪಸ್ ಬಂದು ನೋಡಿ. ಹಕ್ಕಿ ಹಾರಿಹೋದ್ರೆ ಹೋಯ್ತು, ನಾಳೆ ಬರುತ್ತೆ. ಫ್ಲೈಓವರ್ ಹತ್ತೋ ಇಳಿಯೋ ಜಾಗ, ಬಸ್‌ಸ್ಟಾಪು, ಫ್ರೀ ಲೆಫ್ಟ್ ತಿರುವು, ಇಲ್ಲೆಲ್ಲಾ ಚಿರತೆ ಕಂಡ್ರೂ ನಿಲ್ಲಬೇಡಿ (ಚಿರತೆ ಕಂಡ್ರೆ ಹೇಗೂ ನಿಲ್ಲಲ್ಲ ಬಿಡಿ). ನಿಂತಿರೋ ಕಾರಿನ ಸಾಲಿಂದ ಒಂದು ಮೀಟರಿಗಿಂತ ಜಾಸ್ತಿ ದೂರ ಇರಿ, ಡೋರ್ ಯಾವಾಗ ತೆಗೀತಾರೋ ಯಾರಿಗೂ ಗೊತ್ತಿಲ್ಲ, ತೆಗೆಯೋರಿಗೇ ಗೊತ್ತಿರಲ್ಲ.

ಇಯರ್‌ಫೋನ್ ಬೇಡ. ಸೇಫ್ಟಿ ಒಂದು ಕಾರಣ, ಇನ್ನೊಂದು ಏನಂದ್ರೆ ಅರ್ಧ ವಿಷಯ ಮೊದಲು ಕಿವಿಗೇ ಬೀಳೋದು. ಕುಟ್ರುಹಕ್ಕಿ ಎಲೆ ಮಧ್ಯೆ ಎಲೆ ಬಣ್ಣದಲ್ಲೇ ಇರುತ್ತೆ, ಕುಟ್ರೂ ಕುಟ್ರೂ ಅಂತ ಕೂಗದೇ ಇದ್ರೆ ಜನ್ಮದಲ್ಲಿ ಕಾಣಲ್ಲ. ಕೋಲೆ ಬಸವ ಬರ್ತಿದ್ದಾನೆ ಅಂತ ಪಕ್ಕದ ರೋಡಿಂದಲೇ ನಾದಸ್ವರ ಹೇಳುತ್ತೆ. ಹದ್ದು ಮೇಲೆ ಸುತ್ತುವಾಗ ಸಿಳ್ಳೆ ತರದ ಕೂಗು ಕೇಳಿದ್ರೆ ತಲೆ ಎತ್ತಬಹುದು, ಅದೂ ಸಿಗ್ನಲ್ಲಲ್ಲಿ ನಿಂತಾಗ.

ಹೊರಡೋ ಟೈಮ್ ಬದಲಾಯಿಸಿ ನೋಡಿ

ದಾರಿ ಬದಲಾಯಿಸಬೇಡಿ ಅಂದೆ, ಟೈಮ್ ಮಾತ್ರ ಬದಲಾಯಿಸಿ. ಅದೇ ರೋಡು ಬೆಳಿಗ್ಗೆ ಆರೂವರೆಗೆ ಬೇರೆ ಊರು. ಪೇಪರ್ ಹಾಕೋ ಹುಡುಗರು ಫುಟ್‌ಪಾತಲ್ಲಿ ಕೂತು ಒಂದರೊಳಗೊಂದು ಸೇರಿಸ್ತಿರ್ತಾರೆ, ಕೆ.ಆರ್. ಮಾರ್ಕೆಟ್ ಕಡೆಯಿಂದ ಬರೋ ಆಟೋಗಳಲ್ಲಿ ಸೀಟು ಕಾಣದಷ್ಟು ಸೇವಂತಿಗೆ ಕನಕಾಂಬರ ತುಂಬಿರುತ್ತೆ, ಡ್ರೈವರ್ ಒಬ್ಬನೇ ಹೂವಿನ ಮಧ್ಯೆ ಕೂತಿರೋ ಉತ್ಸವಮೂರ್ತಿ. ಕೆರೆ ಏರಿ ಮೇಲೆ ಹೋಗೋರು ಆ ಹೊತ್ತಿಗೆ ನೀರುಕಾಗೆ ರೆಕ್ಕೆ ಅಗಲಿಸಿ ಕೂತಿರೋದನ್ನ ನೋಡಬಹುದು, ಮುಳುಗಿ ಮೀನು ಹಿಡಿದು ಒದ್ದೆ ಆದ ರೆಕ್ಕೆ ಒಣಗಿಸ್ಕೊಳ್ಳೋದು ಅದು. ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಅಷ್ಟು ದಪ್ಪ ಮೈ ಇಟ್ಕೊಂಡು ಟ್ರಾಫಿಕ್ ಮೇಲೆ ಆರಾಮಾಗಿ ತೇಲ್ಕೊಂಡು ಹೋಗೋದು ಮೊದಲ ಸಲ ಕಂಡೋರು ಬ್ರೇಕ್ ಹಿಡಿಯದೇ ಇರಲ್ಲ.

ಸಂಜೆ ಲೇಟಾದ್ರೆ ಬಾವಲಿಗಳು ಹೊರಡೋ ಹೊತ್ತು. ಮಳೆಮರದ ಕೆಳಗೆ ಹೋಗೋರು ಎಲೆ ನೋಡಿ, ಕತ್ತಲಾಗ್ತಾ ಎಲೆಗಳು ಮಡಚ್ಕೊಂಡಿರ್ತವೆ, ಮೋಡ ಕವಿದ ದಿನವೂ ಹಾಗೇ. ಯಶವಂತಪುರ ಮಲ್ಲೇಶ್ವರ ಕಡೆಯೋರಿಗೆ ಒಂದು ಮಾತು, ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಮರಗಳಲ್ಲಿ ಕಾಡುಪಾಪ (ಲೋರಿಸ್) ಇದೆ. ಅಂಗೈ ಮೇಲೆ ಕೂರಿಸ್ಕೊಳ್ಳಬಹುದಾದಷ್ಟು ಚಿಕ್ಕ ಪ್ರಾಣಿ, ಮುಖದ ತುಂಬಾ ಕಣ್ಣು, ರಾತ್ರಿನೇ ಓಡಾಡೋದು, ಅದೂ ಮರದಿಂದ ಮರಕ್ಕೆ ಕೊಂಬೆ ಹಿಡ್ಕೊಂಡೇ ಹೋಗಬೇಕು ಯಾಕಂದ್ರೆ ಅದು ನೆಗೆಯಲ್ಲ. ರಸ್ತೆ ಅಗಲ ಮಾಡೋಕೆ ಮಧ್ಯದಲ್ಲಿ ಎರಡು ಮರ ಕಡಿದ್ರೆ ಅದರ ದಾರಿನೇ ಕಟ್. ಅದನ್ನ ಹುಡುಕ್ತೀನಿ ಅಂತ ಬಿಳಿ ಟಾರ್ಚ್ ಬಿಡಬೇಡಿ, ಲೋರಿಸ್ ನೋಡೋರು ಕೆಂಪು ಲೈಟೇ ಬಳಸೋದು.

ಪಂಚಾಂಗ ಇಟ್ಕೊಳಿ

ಈ ಊರಲ್ಲಿ ಯಾವ ತಿಂಗಳು ಏನು ಕಾಣುತ್ತೆ ಅಂತ ಅಂದಾಜಿದ್ರೆ ಅರ್ಧ ಕೆಲಸ ಆದಂಗೆ. ಜನವರಿ ಫೆಬ್ರವರಿಗೆ ಗುಲಾಬಿ ಟಬೂಬಿಯಾ, ಅದರ ಹಿಂದೆನೇ ಹಳದಿ, ಆಮೇಲೆ ನೇರಳೆ ಬಣ್ಣದ ಜಕರಂಡಾ, ಏಪ್ರಿಲ್ ಮೇಗೆ ಗುಲ್‌ಮೊಹರ್, ಮಳೆ ಮುಗಿದ ಮೇಲೆ ಆಕಾಶಮಲ್ಲಿಗೆ. ಇದು ತಾನಾಗೇ ಆಗಿದ್ದಲ್ಲ. 1908ರಲ್ಲಿ ಲಾಲ್‌ಬಾಗ್ ಜವಾಬ್ದಾರಿ ವಹಿಸ್ಕೊಂಡ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದಾದ ಮೇಲೊಂದು ಜಾತಿ ಹೂಬಿಟ್ಟು ವರ್ಷ ಪೂರ್ತಿ ಬೀದಿಯಲ್ಲಿ ಬಣ್ಣ ಇರ್ಬೇಕು ಅನ್ನೋ ಯೋಚನೆಯಲ್ಲಿ ಮರ ನೆಡಿಸಿದವರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳ ಅವರ ಕಾಲದಲ್ಲಿ ಬಡಾವಣೆಗಳಲ್ಲಿ ಲಕ್ಷಗಟ್ಟಲೆ ಗಿಡ ನೆಟ್ಟರು, ನಾವು ಇವತ್ತು ಜಯನಗರದಲ್ಲಿ ಫೋಟೋ ತೆಗೆಯೋ ಎಷ್ಟೋ ಮರ ಆ ಪೀಳಿಗೆಯದು. ಎಲ್ಲರೂ ಪಿಂಕ್ ಮರದ ಹಿಂದೆ ಬೀಳ್ತಾರೆ, ನನಗೆ ಮಾತ್ರ ಯುಗಾದಿ ಹೊತ್ತಿಗೆ ಹೊಂಗೆ ಚಿಗುರಿದಾಗ ಆ ಹಸಿರಿನ ಮುಂದೆ ಪಿಂಕೆಲ್ಲಾ ಡಲ್ಲೇ. ಆದ್ರೆ ಹುಷಾರು, ಹೊಂಗೆ ಹೂ ರೋಡ್ ತುಂಬಾ ಉದುರಿ ಅದರ ಮೇಲೆ ಮೊದಲ ಮಳೆ ಹನಿ ಬಿದ್ರೆ ಟೈರು ಸರ್ ಅಂತ ಜಾರುತ್ತೆ, ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡೀಬೇಡಿ, ತಿರುವಿನಲ್ಲಿ ವಾಲಬೇಡಿ.

ಏಪ್ರಿಲ್ 24ರ ಆಸುಪಾಸು ಮತ್ತೆ ಆಗಸ್ಟ್ 18ರ ಆಸುಪಾಸು ಮಧ್ಯಾಹ್ನ ಹನ್ನೆರಡೂ ಇಪ್ಪತ್ತರ ಹತ್ರ ಸೈಕಲ್ಲನ್ನ ಬಯಲಲ್ಲಿ ನೆಟ್ಟಗೆ ಹಿಡ್ಕೊಂಡು ನಿಲ್ಲಿ. ನೆರಳು ಪಕ್ಕಕ್ಕೆ ಬೀಳಲ್ಲ, ಹ್ಯಾಂಡಲ್ ನೆರಳು ಹ್ಯಾಂಡಲ್ ಕೆಳಗೆ, ಚಕ್ರದ ನೆರಳು ಬರೀ ಒಂದು ಗೆರೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರೋದ್ರಿಂದ ವರ್ಷಕ್ಕೆ ಎರಡು ದಿನ ಸೂರ್ಯ ನೆತ್ತಿ ಮೇಲೆ ಸರಿಯಾಗಿ ಬರ್ತಾನೆ, ಆಗಸ್ಟಲ್ಲಿ ಮೋಡ ಇರೋದೇ ಜಾಸ್ತಿ ಆದ್ದರಿಂದ ಏಪ್ರಿಲ್ಲಿದೇ ನಂಬಿ. ಇನ್ನೊಂದು ಆಕಾಶದ್ದು, ಇದಕ್ಕೆ ಡೇಟ್ ಇಲ್ಲ: ಸೂರ್ಯನ ಸುತ್ತ ಉಂಗುರ. 2021ರ ಮೇ 24ಕ್ಕೆ ಇಡೀ ಬೆಂಗಳೂರು ಟೆರೇಸ್ ಹತ್ತಿ ನೋಡಿತ್ತಲ್ಲ, ಅದೇ. ತುಂಬಾ ಎತ್ತರದ ತೆಳು ಮೋಡದಲ್ಲಿರೋ ಮಂಜಿನ ಹರಳುಗಳಲ್ಲಿ ಬೆಳಕು ಬಾಗಿ ಆಗೋದು, ನಿಂತು, ಸೂರ್ಯನನ್ನ ಕಂಬಕ್ಕೋ ಮರಕ್ಕೋ ಮರೆ ಮಾಡ್ಕೊಂಡು ನೋಡಿ, ನೇರ ದಿಟ್ಟಿಸಬೇಡಿ.

ಮುಂಗಾರಿಗೆ ಮುಂಚೆ ಒಂದು ದಿನ ಕಪ್ಪು ಚಿಟ್ಟೆಗಳು ಒಂದರ ಹಿಂದೆ ಒಂದು, ಎಲ್ಲವೂ ಒಂದೇ ದಿಕ್ಕಿಗೆ ಹೋಗ್ತಿರೋದು ಕಾಣಬಹುದು. ಬ್ಲೂ ಟೈಗರ್, ಕಾಮನ್ ಕ್ರೋ ಜಾತಿಗಳು ಪಶ್ಚಿಮ ಘಟ್ಟದ ಜೋರು ಮಳೆಗೆ ಮುಂಚೆ ಪೂರ್ವದ ಕಡೆ ವಲಸೆ ಹೋಗ್ತವೆ, ಮಳೆಗಾಲ ಮುಗಿದ ಮೇಲೆ ವಾಪಸ್. ಹೂವಿಗೆ ಕೂರದೆ, ಅಡ್ಡಾಡದೆ ನೇರ ಹೋಗ್ತಿದ್ರೆ ವಲಸೆ ಅಂತ ಅರ್ಥ, ಯಾವ ದಿಕ್ಕು ಅಂತ ಬರೆದಿಟ್ಕೊಳಿ.

ಆಷಾಢದ ಗಾಳಿಗೆ ಗಾಳಿಪಟ. ಮೇಲೆ ಪಟ ಕಂಡ್ರೆ ಖುಷಿ ಪಡೋಕೆ ಮುಂಚೆ ಸ್ಪೀಡ್ ಕಮ್ಮಿ ಮಾಡಿ, ನಿಷೇಧ ಇದ್ರೂ ಗಾಜಿನ ಪುಡಿ ಹಚ್ಚಿದ ನೈಲಾನ್ ಮಾಂಜಾ ದಾರ ಬಳಸೋರು ಇದ್ದಾರೆ, ಸೈಕಲ್ಲಿನೋರ ಕುತ್ತಿಗೆಗೆ ಸರಿಯಾಗಿ ಬರೋ ಎತ್ತರ ಅದು, ಕುತ್ತಿಗೆಗೆ ದಪ್ಪ ಬಟ್ಟೆ ಸುತ್ಕೊಂಡ್ರೆ ಒಳ್ಳೇದು. ಆಯುಧಪೂಜೆ ಸಂಜೆ ಬಾಳೆಕಂದು ಕಟ್ಕೊಂಡ ಬಸ್ಸು, ಹಾರ ಹಾಕ್ಕೊಂಡ ಜೆಸಿಬಿ, ಕುಂಕುಮ ಬಳಿದ ಕಾಂಕ್ರೀಟ್ ಮಿಕ್ಸರು, ಈ ನೋಟ ಬೇರೆ ಯಾವತ್ತೂ ಸಿಗಲ್ಲ, ನಿಮ್ಮ ಸೈಕಲ್ಲಿಗೂ ಒಂದು ಹೂ ಸಿಗಿಸ್ಕೊಂಡು ಹೋಗಿ. ಆದ್ರೆ ಮಾರನೇ ಬೆಳಿಗ್ಗೆ ಪ್ರತಿ ಅಂಗಡಿ ಮುಂದೆ ಒಡೆದ ಬೂದುಗುಂಬಳ ಇರುತ್ತೆ, ಅದರ ತಿರುಳು ಮೇಲೆ ಎರಡು ಚಕ್ರ ನಿಲ್ಲಲ್ಲ. ಆ ಒಂದು ದಿನ ಇಳಿದು ತಳ್ಕೊಂಡು ಹೋದ್ರೂ ಅವಮಾನ ಇಲ್ಲ. ಕಾರ್ತಿಕ ಮಾಸದ ಕೊನೇ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆ, ಆ ಕಡೆಯೋರು ಹಿಂದಿನ ದಿನವೇ ಬೆಳಿಗ್ಗೆ ಹೋಗಿ, ಮೂಟೆ ಇಳಿಸಿ ರಾಶಿ ಸುರಿಯೋದು ನೋಡೋಕೆ ಸಿಗುತ್ತೆ, ಪರಿಷೆ ಶುರು ಆದ್ಮೇಲೆ ಸೈಕಲ್ ಇರಲಿ ಚಪ್ಪಲಿ ಇಡೋಕೂ ಜಾಗ ಇರಲ್ಲ.

ಇಳಿಜಾರನ್ನ ಓದಿ

ಇದು ಸೈಕಲ್ಲಿನೋರಿಗೆ ಮಾತ್ರ ಸಿಗೋ ವಿಷಯ. ಕಾರಲ್ಲಿ ಕೂತೋರಿಗೆ ಬೆಂಗಳೂರು ಸಪಾಟು, ತೊಡೆಗೆ ಗೊತ್ತು ಸಪಾಟಲ್ಲ ಅಂತ. ಊರ ನಡುವೆ ಒಂದು ಎತ್ತರದ ದಿಣ್ಣೆ ಇದೆ, ಅದರ ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿ ಸೇರಿ ಅರ್ಕಾವತಿ, ಅಲ್ಲಿಂದ ಕಾವೇರಿ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆ ಹಾದು ದಕ್ಷಿಣ ಪಿನಾಕಿನಿಗೆ. ನಿಮ್ಮ ದಾರೀಲಿ ಪೆಡಲ್ ಮಾಡದೇ ಗಾಡಿ ಓಡೋ ಜಾಗ ಎಲ್ಲೆಲ್ಲಿದೆ ನೆನಪಿಟ್ಕೊಳಿ, ಅದರ ತಳದಲ್ಲಿ ಒಂದು ರಾಜಕಾಲುವೆ ಇದ್ದೇ ಇರುತ್ತೆ, ಸ್ಲ್ಯಾಬ್ ಮುಚ್ಚಿದ್ರೂ ವಾಸನೆ ಹೇಳುತ್ತೆ. ಕಾಲುವೆ ಯಾವ ಕಡೆ ಹೋಗುತ್ತೆ ನೋಡಿದ್ರೆ ಕೆರೆನೋ, ಹಳೇ ಕೆರೆ ಜಾಗವೋ ಸಿಗುತ್ತೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಧರ್ಮಾಂಬುಧಿ ಕೆರೆ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ. ಸ್ಟೇಡಿಯಂ ಹತ್ರ ಇನ್ನೂ ಒಂದು ಪುಟ್ಟ ಕೊಳ ಉಳ್ಕೊಂಡಿದೆ, ಅಷ್ಟು ದೊಡ್ಡ ಕೆರೇಲಿ ಉಳಿದಿದ್ದು ಅಷ್ಟೇ, ಚೈತ್ರದಲ್ಲಿ ಕರಗದ ಆಚರಣೆಗೆ ಇವತ್ತಿಗೂ ಅಲ್ಲಿಗೇ ಬರ್ತಾರೆ. ಮಿಷನ್ ರೋಡ್ ಕಸ್ತೂರಬಾ ರೋಡ್ ಕಡೆ ಹೋಗೋರು ಒಂದು ಸಲ ನಿಲ್ಲಿಸಿ ನೋಡಿ.

ಮಳೆ ಬಂದ ಮಾರನೇ ದಿನ ಬೆಳ್ಳಂದೂರು ವರ್ತೂರು ಕಡೆ ರೋಡ್ ಮೇಲೆ ಬಿಳಿ ನೊರೆ ತೇಲಿ ಬಂದ್ರೆ ಫೋಟೋಗೆ ಚೆನ್ನಾಗಿರುತ್ತೆ, ಅದು ಸೋಪಿನ ನೀರು, ಚರಂಡಿ ನೀರು ಸೇರಿ ಎದ್ದಿದ್ದು, ಮೈಗೆ ತಾಗಿದ್ರೆ ಕೆರೆತ, ಒಳಗೆ ಗುಂಡಿ ಇದ್ರೂ ಕಾಣಲ್ಲ. ಅದರೊಳಗೆ ನುಗ್ಗಬೇಡಿ.

ಅಪಾರ್ಟ್‌ಮೆಂಟ್ ಕಟ್ಟೋಕೆ ಪಾಯ ತೋಡಿರೋ ಕಡೆ ತಗಡಿನ ಸಂದಿಯಲ್ಲಿ ಇಣುಕಿ. ಬೂದಿ ಬಣ್ಣದ ಬಂಡೆಯಲ್ಲಿ ಬಿಳಿ ಕಪ್ಪು ಪಟ್ಟೆಗಳು ಅಲೆ ಅಲೆಯಾಗಿ ಕಂಡ್ರೆ ಅದು ಲಾಲ್‌ಬಾಗ್ ಬಂಡೆಯ ನೆಂಟನೇ. ಲಾಲ್‌ಬಾಗಿಂದು ಸುಮಾರು 300 ಕೋಟಿ ವರ್ಷ ಹಳೇದು, ಅದರ ಮೇಲೆ ಕೆಂಪೇಗೌಡ ಗೋಪುರ ಇದೆ, ಭೂವಿಜ್ಞಾನ ಸ್ಮಾರಕ ಅಂತ ಬೋರ್ಡೂ ಇದೆ. ಪಾಯದ ಬಂಡೆಗೆ ಬೋರ್ಡಿಲ್ಲ, ಎರಡು ತಿಂಗಳಲ್ಲಿ ಕಾಂಕ್ರೀಟ್ ಹಾಕಿ ಮುಚ್ಚಿಬಿಡ್ತಾರೆ, ಆದಷ್ಟು ಬೇಗ ನೋಡ್ಕೊಳಿ. ಅದೇ ಕಟ್ಟಡಕ್ಕೆ ನೇತು ಹಾಕಿರೋ ದೃಷ್ಟಿ ಗೊಂಬೆನೂ ಗಮನಿಸಿ, ಮೀಸೆ, ಹಲ್ಲು, ನಾಲಿಗೆ ಒಂದೊಂದು ಕಡೆ ಒಂದೊಂದು ಸ್ಟೈಲು.

ಜನರನ್ನ ನೋಡೋ ರೀತಿ

ಟಿವಿಎಸ್ ಮೇಲೆ ನಿಲ್ಲಿಸಿರೋ ಫ್ರಿಜ್ಜು, ಹಿಂದಿನ ಸೀಟಲ್ಲಿ ಸೀರೆ ಉಟ್ಟು ಕೂತಿರೋ ಅಂಗಡಿ ಗೊಂಬೆ, ಎರಡು ಕೈಯಲ್ಲಿ ಆಳೆತ್ತರ ಗಾಜು ಹಿಡ್ಕೊಂಡು ಸ್ಕೂಟರ್ ಹಿಂದೆ ಕೂತಿರೋ ಅಣ್ಣ, ಇವೆಲ್ಲಾ ನಗು ಬರುತ್ತೆ ನಿಜ. ಗಾಜಿನ ಅಣ್ಣನ ಹಿಂದೆ ಮಾತ್ರ ಹೋಗಬೇಡಿ, ದೂರ ಇರಿ. ಮುಖ ಕಾಣೋ ಹಾಗೆ ಫೋಟೋ ತೆಗೆದು ಗ್ರೂಪಿಗೆ ಹಾಕೋದು ನನಗೆ ಇಷ್ಟ ಆಗಲ್ಲ, ಅವರಿಗೆ ಅದು ಹೊಟ್ಟೆಪಾಡು. ಕೋಲೆ ಬಸವನವರ ಫೋಟೋ ಬೇಕಂದ್ರೆ "ಯಜಮಾನ್ರೇ, ಒಂದು ಫೋಟೋ ತೆಗೀಲಾ?" ಅಂತ ಕೇಳಿ, ಬಸವನಿಗೆ ಏನಾದ್ರೂ ಕೊಡಿ. ಕೇಳಿದ್ರೆ ಯಾವ ಊರಿಂದ ಬಂದ್ರು, ಎತ್ತಿನ ಹೆಸರೇನು ಎಲ್ಲಾ ಹೇಳ್ತಾರೆ, ಆಫೀಸಿಗೆ ಲೇಟಾಗೋದು ಗ್ಯಾರಂಟಿ.

ಬರೆದಿಡೋದು, ತಿಳಿಸೋದು

ನಿಂತಾಗ ಮ್ಯಾಪಲ್ಲಿ ಒಂದು ಪಿನ್ ಹಾಕಿ, ಎರಡು ಸಾಲು ಟೈಪ್ ಮಾಡಿ, ಸಾಕು. ಆಫೀಸಿಗೆ ಹೋಗಿ ಬರೀತೀನಿ ಅಂದ್ರೆ ಲಿಫ್ಟಲ್ಲೇ ಮರೆತು ಹೋಗುತ್ತೆ. ಗಿಡ ಚಿಟ್ಟೆ ಗೊತ್ತಾಗದಿದ್ರೆ ಐನ್ಯಾಚುರಲಿಸ್ಟ್ ಆಪಿಗೆ ಫೋಟೋ ಹಾಕಿ, ಹಕ್ಕಿಗೆ ಈಬರ್ಡ್ ಇದೆ.

ಅಕ್ಷರ ಇರೋ ಕಲ್ಲು ಸಿಕ್ರೆ ಉಜ್ಜಬೇಡಿ, ಸೀಮೆಸುಣ್ಣ ಹಚ್ಚಬೇಡಿ, ಅರಿಶಿನ ಎಣ್ಣೆ ಅಂತೂ ಬೇಡವೇ ಬೇಡ. ಎಳೆ ಬಿಸಿಲು ಪಕ್ಕದಿಂದ ಬೀಳುವಾಗ ಫೋಟೋ ತೆಗೀರಿ, ಮಧ್ಯಾಹ್ನ ಕಾಣದ ಅಕ್ಷರ ಆಗ ನೆರಳಲ್ಲಿ ಎದ್ದು ಕಾಣುತ್ತೆ, ಇಲ್ಲಾ ಮೊಬೈಲ್ ಟಾರ್ಚನ್ನ ಪಕ್ಕದಿಂದ ಹಿಡೀರಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡಿ ಇಡೋ ಕೆಲಸ ಮಾಡ್ತಿದೆ, ಜಾಗ ಹೇಳಿ ಫೋಟೋ ಕಳಿಸಿ, ಮೊದಲೇ ದಾಖಲಾಗಿರಬಹುದು, ಆಗಿದ್ರೂ ಈಗ ಎಲ್ಲಿದೆ ಹೇಗಿದೆ ಅನ್ನೋದು ಅವರಿಗೂ ಬೇಕಾದ ವಿಷಯವೇ, ಈ ಊರಲ್ಲಿ ಕಲ್ಲುಗಳು ರಾತ್ರೋರಾತ್ರಿ ಚರಂಡಿಗೆ ಹಾಸುಗಲ್ಲಾಗಿಬಿಡ್ತವೆ.

ಮಾಂಜಾಗೆ ಸಿಕ್ಕಿ ಬಿದ್ದ ಹದ್ದು ಕಂಡ್ರೆ ಕೈಯಲ್ಲಿ ಹಿಡೀಬೇಡಿ, ಉಗುರು ಜೋರಿರುತ್ತೆ. ಹತ್ತಿರದ ಅಂಗಡೀಲಿ ಖಾಲಿ ರಟ್ಟಿನ ಡಬ್ಬ ಕೇಳಿ, ಗಾಳಿಗೆ ಅಲ್ಲಲ್ಲಿ ತೂತು ಮಾಡಿ, ಟವೆಲ್ ಹೊದಿಸಿ ಹಕ್ಕಿನ ಒಳಗಿಟ್ಟು ಮುಚ್ಚಿ. ರೆಕ್ಕೆಗೆ ಸುತ್ಕೊಂಡಿರೋ ದಾರ ಎಳೀಬೇಡಿ, ಬಾಯಿಗೆ ನೀರು ಹುಯ್ಯಬೇಡಿ. ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಅವರ ವನ್ಯಜೀವಿ ಆಸ್ಪತ್ರೆ ಇದೆ, ಫೋನ್ ಮಾಡಿ, ಅವರು ಹೇಳೋ ತನಕ ಡಬ್ಬ ನೆರಳಲ್ಲಿರಲಿ, ಆಫೀಸಿಗೆ ಇವತ್ತು ಲೇಟು ಅಂತ ಮೆಸೇಜ್ ಹಾಕಿ.